ಬೇಕಿಂಗ್ ಪೌಡರ್, ಭಟ್ಟಿ ಅಮೋನಿಯಾ: ಕನ್ನಡದಾಗ ಏನ್ ಬರೀಲಿ? (ಇವತ್ತ ಸಂಜಿಗೆ ಬೇಕು)

ಗಂಗಾವತಿಯಿಂದ:

ಎಲ್ಲಾರ್ಗೂ ನಮಸ್ಕಾರ. ನಮ್ಮ ಕಾಕಾರ ಬೇಕರಿಯಾಗ ಹಳೇ ಭಟ್ಟಿ ಸಾಮಾನು ಒಂದು ಕಪಾಟಿನ್ಯಾಗ ಇಡಾಕತ್ತೀವಿ, ಒಂದೊಂದು ಬಾಟ್ಲಿ ಕೆಳಗ ಹೆಸರು, ಅದರ ಜೊತಿ ಮನಿ ಹಿರ್ಯಾರ ಒಂದು ನೆನಪು. ಫ್ಲೆಕ್ಸ್ ಅಂಗಡಿಯಂವ ಸಂಜಿ ತನಕ ಅಷ್ಟೇ ಕಾಯ್ತೀನಿ ಅಂದಾನ. ಮೈದಾ, ಡಾಲ್ಡಾ, ಸಕ್ರಿಗೆ ತ್ರಾಸಿಲ್ಲ. ಬೇಕಿಂಗ್ ಪೌಡರ್‌ಗೆ, ಮತ್ತ ಭಟ್ಟಿಯಾಗ 'ಅಮೋನಿಯಾ' ಅಂತಿದ್ರಲ್ಲ ಅದಕ್ಕ ಏನ್ ಬರೀಲಿ? ಬ್ಯಾಸಗಿ ಸೂಟಿಯಾಗ ಮನಿಂದ ಹಿಟ್ಟು, ಸಕ್ರಿ, ಡಾಲ್ಡಾ ಒಯ್ದು ಭಟ್ಟಿ ಮುಂದ ಪಾಳಿ ಹಚ್ಚಿ ಬಿಸ್ಕೀಟು ಮಾಡಿಸ್ತಿದ್ವಿ, ಭಟ್ಟಿಯಂವ ಮ್ಯಾಲೊಂದು ಚಿಟಿಕಿ ಬಿಳೇ ಪುಡಿ ಹಾಕಾಂವ, ಟ್ರೇ ಹೊರಗ ಎಳದ ಕೂಡ್ಲೆ ಮೂಗಿಗೆ ಚುರ್ ಅಂತ ಹೊಡೀತಿತ್ತು, ಕಣ್ಣಾಗ ನೀರು, ಆದ್ರೂ ಯಾರೂ ಹಿಂದ ಸರೀತಿರ್ಲಿಲ್ಲ. ಅವ್ವ ಅದಕ್ಕ 'ನವಸಾಗರ' ಅಂತಾಳ. ಅದು ಕಲಾಯಿಯವರದಲ್ಲೇನು?

ರಾಯಚೂರು:

ಅಕ್ಕಾರ, ನವಸಾಗರ ಬರೀಬ್ಯಾಡ್ರಿ. ಅದು ಅಮೋನಿಯಂ ಕ್ಲೋರೈಡು, ತಾಮ್ರದ ಭಾಂಡೇಕ್ಕ ತವರ ಹಚ್ಚಾಗ ತಿಕ್ಕೋದು. ಬಿಸ್ಕೀಟಿಂದು ಅಮೋನಿಯಂ ಬೈಕಾರ್ಬೊನೇಟು. ಕಾವು ಹತ್ತಿದ್ರ ಪೂರಾ ಗಾಳಿಯಾಗಿ ಹಾರಿ ಹೋಗ್ತದ, ಹಿಂದ ಏನೂ ಉಳಿಯಂಗಿಲ್ಲ, ಅದಕ್ಕೇ ತೆಳ್ಳನ ಬಿಸ್ಕೀಟಿಗೆ ಹಾಕ್ತಾರ, ದಪ್ಪ ಕೇಕಿಗೆ ಹಾಕಿದ್ರ ವಾಸನಿ ಒಳಗೇ ಸಿಗೇಬೀಳ್ತದ. ಬೇಕರಿಯವರ ಬಾಯಾಗ ಅಮೋನಿಯಾ ಅಂತನ ಅದ, ಹಂಗೇ ಬಿಡ್ರಿ.

ಬಳ್ಳಾರಿ:

ಎಲ್ಲಾದಕ್ಕೂ 'ಹಂಗೇ ಬಿಡ್ರಿ' ಅನ್ನೋದಾದ್ರೆ ಕನ್ನಡ ಪದ ಕಟ್ಟೋ ಈ ಗುಂಪು ಯಾಕೆ ಬೇಕು? ಬೇಕಿಂಗ್ ಪೌಡರ್ ಅಂದ್ರೆ 'ಉಬ್ಬುಪುಡಿ', ಮುಗೀತು. ಬರೀ ಸೋಡಾಕ್ಕೆ ನಮ್ಮದೇ ಪದ ಇದೆ, ಸವಳು. ಚವುಳು ಅಂತಲೂ ಉಂಟು, ತಮಿಳಲ್ಲಿ ಚವರ್, ಉವರ್, ತೆಲುಗಲ್ಲಿ ಚವುಡು, ಅಪ್ಪಟ ದ್ರಾವಿಡ ಬೇರು. ಅಗಸರು ಸವಳು ಮಣ್ಣಲ್ಲೇ ಬಟ್ಟೆ ಒಗೀತಿದ್ರು, ಒಗೆಯೋ ಸೋಡಾನೂ ತಿನ್ನೋ ಸೋಡಾನೂ ಒಂದೇ ಮನೆಯವು, ಹಂಗಾಗಿ 'ತಿನ್ಸವಳು' ಅಂತ ಬರೀರಿ. ಸಂಸ್ಕೃತದ ಕ್ಷಾರ ತಂದು ಏನಾಯ್ತು ನೋಡಿ, ನಮ್ಮಲ್ಲಿ ಬಂದು 'ಖಾರ' ಆಗಿ ಮೆಣಸಿನಪುಡಿ ಡಬ್ಬಿ ಸೇರ್ತು. ಎರವಲಿನ ಗತಿ ಇದು. ಅಮೋನಿಯಾ ಬಗ್ಗೆ ಆಮೇಲೆ ಬರೀತೀನಿ.

ಕೊಪ್ಪಳ:

ಉಬ್ಬುಪುಡಿ ಅಂದ್ರ ಹೊಟ್ಟಿ ಉಬ್ಬರದ ಔಷಧ ಅನ್ಕೊಂತಾರ್ರೀ. ಇನ್ನ ಸವಳು! ಗಂಗಾವತಿ ಸಿಂಧನೂರು ಕಡಿ ತುಂಗಭದ್ರಾ ಕಾಲುವಿ ನೀರು ನಿಂತು ಗದ್ದಿ ಮ್ಯಾಲೆ ಬಿಳೇ ಉಪ್ಪು ಏಳ್ತೈತಲ್ಲ, ಸವಳು-ಜವಳು ಅಂತ ರೈತರು ಅಳೋದು ಅದಕ್ಕ. ಬೇಕರಿಯಾಗ ಆ ಬೋರ್ಡ್ ಹಾಕಿದ್ರ ಸವಳು ಹೋಗ್ಸಾಕ ಎಕರೆಗೆ ಎಷ್ಟು ಜಿಪ್ಸಂ ಹೊಡದೀರಿ ಅಂತ ಕೇಳ್ತಾರ.

ಬಳ್ಳಾರಿ:

ನಗೆಚಾಟಿಕೆ ಬೇರೆ, ಪದ ಕಟ್ಟೋದು ಬೇರೆ. ಬಳಸ್ತಾ ಬಳಸ್ತಾ ರೂಢಿ ಆಗುತ್ತೆ.

ರಾಯಚೂರು:

ಯಾರು ಬಳಸ್ಬೇಕು? 1948ರ ತನಕ ನಿಜಾಮನ ಕೈಯಾಗಿದ್ದ ಊರು ನಮ್ದು, ಭಟ್ಟಿ, ಖಮೀರ (ಹಿಟ್ಟು ಉಬ್ಬಿಸೋ ಯೀಸ್ಟು), ನಾನ್‌ಖಟಾಯಿ, ಡಬಲ್ ರೊಟ್ಟಿ ಎಲ್ಲಾ ಉರ್ದುದಾಗೇ ಬಂದಾವ, ನಮ್ಮಜ್ಜಿಗೆ ಉರ್ದು ಅಕ್ಷರ ಬರ್ತಿರ್ಲಿಲ್ಲ, ಖಮೀರ ಗೊತ್ತಿತ್ತು. ಬೇಕಿಂಗ್ ಪೌಡರಂತೂ 1843ರಾಗ ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್ ಅನ್ನಾಂವ ತನ್ನ ಹೆಂಡ್ತಿಗೆ ಯೀಸ್ಟ್ ಆಗಂಗಿಲ್ಲ ಅಂತ ಮಾಡಿದ್ದು. ಸಾಮಾನು ಅವರದು, ಹೆಸರೂ ಅವರದು, ಅದರಾಗ ನಾಚಿಗೇನದ?

ಬಳ್ಳಾರಿ:

ಭಟ್ಟಿ ಉರ್ದು ಅಲ್ಲ, ಮೂಲ ಸಂಸ್ಕೃತದ ಭ್ರಾಷ್ಟ್ರ. ತಿಳ್ಕೊಂಡು ಬರೀರಿ. ಖಮೀರಕ್ಕೆ 'ಹುದುಗು' ಇದೆ.

ಕೊಪ್ಪಳ:

ಹುದುಗು ಅಂದ್ರ ಅಡಗು ಅಂತಲೂ ಆಗ್ತೈತಿ, ಬ್ರೆಡ್ಡಿನ್ಯಾಗ ಯಾರು ಅಡಗ್ಯಾರ? ಅಕ್ಕಾರ, 'ಅಡಗಿ ಸೋಡಾ' ಅಂತ ಮಿರ್ಚಿ ಹಿಟ್ಟಿಗೆ ದಿನಾ ಹಾಕ್ತಾರ, ಬರೀ ಸೋಡಾಕ್ಕ ಅದನ್ನ ಬರೀರಿ. ಬೇಕಿಂಗ್ ಪೌಡರಿಗೆ ಅದು ನಡ್ಯಂಗಿಲ್ಲ, ಸೋಡಾದ ಜೊತಿ ಹುಳಿ ಅಂಶ, ಒಂದಿಷ್ಟು ಪಿಷ್ಟ ಕೂಡಿರ್ತೈತಿ.

ಗಂಗಾವತಿಯಿಂದ:

ಆತ್ರಿ, ಕಳಿಸಿಬಿಟ್ಟೆ. 'ಅಡಗಿ ಸೋಡಾ', 'ಬೇಕಿಂಗ್ ಪೌಡರ್', 'ಭಟ್ಟಿ ಅಮೋನಿಯಾ (ಮೂಗಿಗೆ ಹೊಡೆಯೋದು)'. ಬಳ್ಳಾರಿ ಸರ್‌ಗೆ ಸಿಟ್ಟು ಬರ್ತದ ಗೊತ್ತು, ಆದ್ರ ನಮ್ಮ ಕಾಕಾ 'ತಿನ್ಸವಳು' ಓದಿ ಇದ್ಯಾವ ಊರಿಂದವ್ವಾ ಅಂದ್ರು. ವೆನಿಲ್ಲಾ ಎಸೆನ್ಸ್ ಬಾಟ್ಲಿನೂ ಒಂದೈತಿ, ಅದನ್ನ ಇಲ್ಲಿ ಕೇಳಂಗಿಲ್ಲ.

ಬಳ್ಳಾರಿ:

ಎಸೆನ್ಸ್‌ಗೆ 'ಕಂಪು' ಇದೆಯಲ್ಲ, ಕೇಳೋದೇನಿದೆ?