ಗಾಮಾ ಆಲ್ಯುಮಿನಾಗೆ ಫ್ಲೋರಿನ್ ಜಾಸ್ತಿ ಮಾಡಿದರೆ ಆಮ್ಲೀಯತೆ ಇಳಿಯುತ್ತಿದೆ, ಯಾಕೆ?

ಕ್ಯೂಮೀನ್_ಕೆಲಸ:
ನಮಸ್ಕಾರ. ಗಾಮಾ ಆಲ್ಯುಮಿನಾಗೆ (ರಂಧ್ರಗಳಿರುವ ಅಲ್ಯುಮಿನಿಯಂ ಆಕ್ಸೈಡ್) ಅಮೋನಿಯಂ ಫ್ಲೋರೈಡ್ ದ್ರಾವಣ ಹೀರಿಸಿ, ಒಣಗಿಸಿ, 500 ಡಿಗ್ರಿಯಲ್ಲಿ ಕಾಯಿಸುತ್ತಿದ್ದೇನೆ. ಆಲ್ಯುಮಿನಾದ ಮೇಲ್ಮೈ ಗ್ರಾಮಿಗೆ 200 ಚದರ ಮೀಟರ್. ಕ್ಯೂಮೀನ್ ಕ್ರ್ಯಾಕಿಂಗ್‌ನಲ್ಲಿ (ಆಮ್ಲೀಯ ಮೇಲ್ಮೈ ಕ್ಯೂಮೀನ್ ಅಣುವನ್ನು ಒಡೆದು ಬೆಂಜೀನ್ ಕೊಡುವ ಪರೀಕ್ಷೆ) ನೋಡಿದರೆ ಬರೀ ಆಲ್ಯುಮಿನಾ ಏನೂ ಮಾಡುವುದಿಲ್ಲ, ಶೇ 2 ಫ್ಲೋರಿನ್ ಇರುವುದು ಚೆನ್ನಾಗಿ ಬೆಂಜೀನ್ ಕೊಡುತ್ತದೆ, ಶೇ 10 ಇರುವುದು ಮತ್ತೆ ಮಂಕು. ಅಮೋನಿಯಾ ಟಿಪಿಡಿಯಲ್ಲೂ (ಹೀರಿಸಿದ ಅಮೋನಿಯಾ ಬಿಸಿ ಏರಿಸಿದಾಗ ಎಷ್ಟು ಹೊರಬರುತ್ತದೆ ಅಂತ ಅಳೆಯುವುದು) ಶೇ 10ರದ್ದೇ ಕಮ್ಮಿ. ಫ್ಲೋರಿನ್ ಎಲೆಕ್ಟ್ರಾನ್ ಎಳೆಯುತ್ತದೆ, ಹಾಗಿದ್ದರೆ ಹಾಕಿದಷ್ಟೂ ಆಮ್ಲೀಯತೆ ಏರಬೇಕು ಅಲ್ವಾ?

ಕುಲುಮೆ:
ಎಳೆಯುತ್ತದೆ ನಿಜ. ಆದರೆ ಎಳೆಸಿಕೊಳ್ಳಲು ಪಕ್ಕದಲ್ಲಿ ಒಂದು ಹೈಡ್ರಾಕ್ಸಿಲ್ (ಆಮ್ಲಜನಕ-ಹೈಡ್ರೋಜನ್ ಜೋಡಿ, OH) ಉಳಿದಿರಬೇಕಲ್ಲ! ಫ್ಲೋರೈಡ್ ಬಂದು ಕೂರುವುದೇ ಮೇಲ್ಮೈಯ ಹೈಡ್ರಾಕ್ಸಿಲ್ ಜಾಗದಲ್ಲಿ. ಅದಕ್ಕೇ ಹೀರಿಸುವಾಗ ದ್ರಾವಣದ ಪಿಎಚ್ ಏರುತ್ತದೆ, ಅಮೋನಿಯಾ ವಾಸನೆ ಬರುತ್ತದೆ. ಕುಡಿಯುವ ನೀರಿನ ಫ್ಲೋರೈಡ್ ತೆಗೆಯಲು ಆಲ್ಯುಮಿನಾ ಬಳಸುತ್ತಾರಲ್ಲ, ಅಲ್ಲೂ ಹೆಚ್ಚಾಗಿ ನಡೆಯುವುದು ಇದೇ ಅದಲುಬದಲು. ಸ್ವಲ್ಪ ಹಾಕಿದಾಗ ಕೆಲವು ಹೈಡ್ರಾಕ್ಸಿಲ್ ಹೋಗುತ್ತವೆ, ಉಳಿದವುಗಳ ಪ್ರೋಟಾನ್ ಸಡಿಲವಾಗುತ್ತದೆ, ಪಕ್ಕದ ಬರಿದಾದ ಅಲ್ಯುಮಿನಿಯಂ ಕೂಡ ಇನ್ನಷ್ಟು ಬಲವಾದ ಲೂಯಿಸ್ ಆಮ್ಲವಾಗುತ್ತದೆ (ಎಲೆಕ್ಟ್ರಾನ್ ಜೋಡಿ ತೆಗೆದುಕೊಳ್ಳುವ ಆಮ್ಲ). ಜಾಸ್ತಿ ಹಾಕಿದರೆ ಬಲ ಪಡೆಯಬೇಕಾದ ಹೈಡ್ರಾಕ್ಸಿಲ್‌ಗಳೇ ಖಾಲಿ.

ಲೆಕ್ಕ ಹಾಕಿ ನೋಡಿ. ಶೇ 10 ಅಂದರೆ ಗ್ರಾಮಿಗೆ 0.1 ಗ್ರಾಂ ಫ್ಲೋರಿನ್, ಅದನ್ನು 19ರಿಂದ ಭಾಗಿಸಿದರೆ 5.3 ಮಿಲಿಮೋಲ್. 200 ಚದರ ಮೀಟರ್ ಮೇಲೆ ಹರಡಿದರೆ ಒಂದು ಚದರ ನ್ಯಾನೋಮೀಟರಿಗೆ ಸುಮಾರು 16 ಪರಮಾಣು. 500 ಡಿಗ್ರಿ ಕಂಡ ಆಲ್ಯುಮಿನಾದಲ್ಲಿ ಅಷ್ಟು ಜಾಗದಲ್ಲಿ ಉಳಿಯುವ ಹೈಡ್ರಾಕ್ಸಿಲ್ ಕೆಲವೇ ಕೆಲವು. ಮಿಕ್ಕ ಫ್ಲೋರಿನ್ ಮೇಲ್ಮೈಯಲ್ಲಿ ನಿಲ್ಲಲು ಜಾಗವಿಲ್ಲ, ಒಳಗೆ ಇಳಿದು ಅಲ್ಯುಮಿನಿಯಂ ಫ್ಲೋರೈಡ್ ಆಗುತ್ತದೆ. ನಿಮ್ಮ ಶೇ 2ರದ್ದು ಚದರ ನ್ಯಾನೋಮೀಟರಿಗೆ 3 ಪರಮಾಣುವಿನ ಆಸುಪಾಸು, ಅದಕ್ಕೇ ಅದು ಚೆನ್ನಾಗಿದೆ. ನನ್ನ ಪ್ರಕಾರ ಫ್ಲೋರಿನ್ ಅನ್ನು ತೂಕದ ಶೇಕಡಾದಲ್ಲಿ ಯೋಚಿಸುವುದನ್ನೇ ಬಿಡಬೇಕು, ಮೇಲ್ಮೈಗೆ ಎಷ್ಟು ಅಂತ ಯೋಚಿಸಬೇಕು. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ಕಿರಣ ವಿವರ್ತನೆ) 25.3 ಡಿಗ್ರಿ ಹತ್ತಿರ ಅಲ್ಯುಮಿನಿಯಂ ಫ್ಲೋರೈಡ್‌ನ ಚೂಪಾದ ಗೆರೆ ಇದೆಯಾ? ಬಿಇಟಿ, ಅಂದರೆ ಮೇಲ್ಮೈ ವಿಸ್ತೀರ್ಣ, ಮತ್ತೆ ಅಳೆದಿರಾ?

ಪಿರಿಡೀನ್_ಪ್ರಿಯ:
ಕುಲುಮೆ ಹೇಳಿದ್ದು ಸರಿ. ಆದರೆ ಟಿಪಿಡಿ ಒಂದನ್ನೇ ನಂಬಬೇಡಿ. ಅದು ಲೂಯಿಸ್ ಯಾವುದು, ಬ್ರಾನ್‌ಸ್ಟೆಡ್ (ಪ್ರೋಟಾನ್ ಕೊಡುವ ಆಮ್ಲ) ಯಾವುದು ಅಂತ ಹೇಳುವುದಿಲ್ಲ. ಜೊತೆಗೆ ನೀವು ಹಾಕಿದ್ದೇ ಅಮೋನಿಯಂ ಲವಣ, ಸರಿಯಾಗಿ ಕಾಯದಿದ್ದರೆ ಅದರದೇ ಅಮೋನಿಯಾ ಹೊರಬಂದು ಸುಳ್ಳು ಪೀಕ್ ಕೊಡುತ್ತದೆ, ಥರ್ಮಲ್ ಡಿಟೆಕ್ಟರ್ ಆದರೆ ನೀರನ್ನೂ ಲೆಕ್ಕಕ್ಕೆ ಸೇರಿಸುತ್ತದೆ. ಅಮೋನಿಯಾ ಹಾಯಿಸದೆ ಒಂದು ಖಾಲಿ ಓಟ ಮಾಡಿ. ಆಮೇಲೆ ಪಿರಿಡೀನ್ ಐಆರ್ (ಪಿರಿಡೀನ್ ಎಂಬ ಕ್ಷಾರ ಹೀರಿಸಿ ಇನ್‌ಫ್ರಾರೆಡ್ ರೋಹಿತ ನೋಡುವುದು; ಸಂಖ್ಯೆಗಳು cm⁻¹ನಲ್ಲಿ): 1450 ಲೂಯಿಸ್, 1540 ಬ್ರಾನ್‌ಸ್ಟೆಡ್, 1490 ಎರಡರದ್ದೂ. ಬರೀ ಗಾಮಾ ಆಲ್ಯುಮಿನಾದಲ್ಲಿ 1540 ಕಾಣುವುದಿಲ್ಲ, ಅದರ ಹೈಡ್ರಾಕ್ಸಿಲ್‌ಗಳಿಗೆ ಪಿರಿಡೀನ್‌ಗೆ ಪ್ರೋಟಾನ್ ಕೊಡುವಷ್ಟು ಬಲ ಇರುವುದಿಲ್ಲ. ಶೇ 2ರಲ್ಲಿ ಅಲ್ಲಿ ಚಿಕ್ಕದಾಗಿ ಏನಾದರೂ ಎದ್ದಿದ್ದರೆ ನಿಮ್ಮ ಬೆಂಜೀನ್ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ.

ಕ್ಯೂಮೀನ್_ಕೆಲಸ:
ಶೇ 10ರದ್ದರಲ್ಲಿ 25.3ರ ಗೆರೆ ಇದೆ! ಬಿಇಟಿ ಅರ್ಧಕ್ಕಿಂತ ಕೆಳಗೆ ಬಿದ್ದಿದೆ. ಶೇ 2ರಲ್ಲಿ ಗೆರೆ ಇಲ್ಲ. ಈಗ ಶೇ 1, 3, 4 ಮಾಡಿ ನೋಡುತ್ತೇನೆ. ತೂಗುವಾಗ ಬೇರೆ ಏನಾದರೂ ಗಮನಿಸಬೇಕಾ?

ಕುಲುಮೆ:
ಲವಣದ ತೂಕ ಬೇರೆ, ಫ್ಲೋರಿನ್ ತೂಕ ಬೇರೆ. 0.2 ಗ್ರಾಂ ಫ್ಲೋರಿನ್ ಬೇಕಾದರೆ 0.39 ಗ್ರಾಂ ಅಮೋನಿಯಂ ಫ್ಲೋರೈಡ್. ಗಾಜಿನ ಬೀಕರ್ ಮುಟ್ಟಬೇಡಿ, ಪಾಲಿಪ್ರೊಪಿಲೀನ್ ತಗೊಳ್ಳಿ. ಬೀಕರ್ ಹಾಳಾಗುವುದು ಇರಲಿ, ಫ್ಲೋರೈಡ್‌ಗೆ ಗಾಜಿನಿಂದ ಕರಗಿದ ಸಿಲಿಕಾ ಆಲ್ಯುಮಿನಾ ಮೇಲೆ ಕೂತರೆ ಸಿಲಿಕಾ-ಆಲ್ಯುಮಿನಾದ ಆಮ್ಲೀಯತೆಯನ್ನು ನೀವು ಫ್ಲೋರಿನ್ ಲೆಕ್ಕಕ್ಕೆ ಬರೆಯುತ್ತೀರಿ. ಕಾಯಿಸುವಾಗ ಹೈಡ್ರೋಜನ್ ಫ್ಲೋರೈಡ್ ಹೊರಬರಬಹುದು, ಹಾಗಾಗಿ ಒಲೆಯ ಹೊಗೆ ನೇರ ಎಕ್ಸಾಸ್ಟ್‌ಗೇ ಹೋಗಬೇಕು, ಅದರ ಸುಟ್ಟಗಾಯಕ್ಕೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆ ಸಿಗುವ ಜಾಗದಲ್ಲಿರಲಿ, ಇದರಲ್ಲಿ ಅಸಡ್ಡೆ ಬೇಡವೇ ಬೇಡ. ಗಾಳಿ ಒಣಗಿರಲಿ. ಬಿಸಿಯಲ್ಲಿ ಹಬೆ ತಾಗಿದರೆ ಫ್ಲೋರಿನ್ ಎದ್ದು ಹೋಗುತ್ತದೆ, ಆಗ ನೀವು ಹಾಕಿದ ಶೇಕಡಾ ಒಂದು, ಮಾದರಿಯಲ್ಲಿ ಉಳಿದದ್ದು ಇನ್ನೊಂದು. ಕಾಯಿಸಿದ ಮೇಲೆ ಫ್ಲೋರಿನ್ ಮತ್ತೆ ಅಳೆದು, ಗ್ರಾಫ್‌ನಲ್ಲಿ ಆ ಸಂಖ್ಯೆಯನ್ನೇ ಹಾಕಿ.