‘ಪ್ರತಿಷ್ಠಾಪನೆ’ಯೋ ‘ಹಂದರ’ವೋ: ಕೂಡಿ ಹೊಲಿದ ಕೌದಿಗಳಿಗೆ ಒಪ್ಪುವ ಪದ ಯಾವುದು?

ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಉತ್ತರ ಕನ್ನಡದ ಹಳಿಯಾಳ ಭಾಗದ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಹಿಳೆಯರೂ ಹೊರಗಿನಿಂದ ಬಂದ ಇಬ್ಬರು ಕಲಾವಿದರೂ ಸೇರಿ ಹೊಲಿದ ಹಲವು ಕೌದಿಗಳನ್ನು (ಹಳೆಯ ಬಟ್ಟೆಯ ತುಂಡುಗಳ ಹೊದಿಕೆಗಳನ್ನು) ಒಂದಕ್ಕೊಂದು ಜೋಡಿಸಿ, ನೋಡುವವರು ಅವುಗಳ ಕೆಳಗೆ ನಡೆದುಹೋಗುವಂತೆ ತೂಗುಹಾಕುವ ಕೆಲಸವೊಂದು ನಡೆದಿದ್ದು, ಪಕ್ಕದಲ್ಲಿ ಇಡಬೇಕಾದ ಫಲಕದ ಬರಹವನ್ನು ತಿದ್ದುವ ಹೊಣೆ ನನ್ನ ಪಾಲಿಗೆ ಬಂದಿದೆ. ಕರಡಿನಲ್ಲಿ ‘ಸ್ಥಳೀಯ ಕುಶಲಕರ್ಮಿಗಳ ಸಹಯೋಗದೊಂದಿಗೆ ರೂಪಿಸಲಾದ ಜವಳಿ ಪ್ರತಿಷ್ಠಾಪನಾ ಕಲೆ’ ಎಂದಿದೆ. ವ್ಯಾಕರಣದ ದೋಷವೇನೂ ಇಲ್ಲ. ಆದರೂ ಇದರ ಹೆಚ್ಚುಕಡಿಮೆ ಪ್ರತಿಯೊಂದು ಪದವೂ ನನಗೆ ತೊಡಕಾಗಿದೆ.

‘ಪ್ರತಿಷ್ಠಾಪನಾ ಕಲೆ’ ಎಂಬುದು ಇನ್‌ಸ್ಟಲೇಷನ್, ಅಂದರೆ ಒಂದು ಜಾಗವನ್ನೇ ಬಳಸಿ ಕಟ್ಟಿದ ಕಲಾಕೃತಿ ಎಂಬ ಅರ್ಥದಲ್ಲಿ ಕಲಾಬರಹಗಳಲ್ಲಿ ಬಳಕೆಗೆ ಬಂದ ಪದ. ಆದರೆ ಸಾಮಾನ್ಯ ಓದುಗರಿಗೆ ಪ್ರತಿಷ್ಠಾಪನೆ ಎಂದೊಡನೆ ನೆನಪಾಗುವುದು ವಿಗ್ರಹ, ಮಂತ್ರ, ಪೂಜೆ. ಸಿದ್ದಿಯರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಅವರ ಕೌದಿಗಳಲ್ಲಿ ಶಿಲುಬೆಯೂ ಅರ್ಧಚಂದ್ರವೂ ಕಾಣಸಿಗುತ್ತವೆ. ಅಂಥ ಕೆಲಸಕ್ಕೆ ಈ ಹೆಸರು ಹೊಂದೀತೇ? ಗಣಪತಿಯ ಪ್ರತಿಷ್ಠಾಪನೆಯೂ ವಿಸರ್ಜನೆಯಲ್ಲೇ ಮುಗಿಯುವುದರಿಂದ, ಕೆಲವು ದಿನವಿದ್ದು ಕಳಚಿಕೊಳ್ಳುವ ಕಲಾಕೃತಿಗೆ ಇದೇ ಸರಿಯಾದ ಪದವೆಂದು ಮಿತ್ರರೊಬ್ಬರು ವಾದಿಸಿದರು. ವಾದ ಚಂದವಾಗಿದೆ, ನನಗೆ ಒಪ್ಪಿಗೆಯಾಗಲಿಲ್ಲ. ‘ಅನುಸ್ಥಾಪನೆ’ಯನ್ನಂತೂ ಕಂಪ್ಯೂಟರಿಗೇ ಬಿಟ್ಟುಬಿಡೋಣ.

2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ20 ಸಂಸ್ಕೃತಿ ಕಾರ್ಯಗುಂಪಿನ ಸಭೆಯ ಹೊತ್ತಿಗೆ, 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಸಂಡೂರಿನ ಕಸೂತಿಯ 1755 ತುಣುಕುಗಳಿಂದ ಮಾಡಿದ ವಸ್ತುಗಳನ್ನು ಒಂದೆಡೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ಅದಕ್ಕೆ ‘ಪ್ರದರ್ಶನ’ ಎಂಬ ಪದ ಸಾಕು, ಏಕೆಂದರೆ ಅಲ್ಲಿ ವಸ್ತುಗಳನ್ನು ಜೋಡಿಸಿ ತೋರಿಸಲಾಯಿತು. ಇಲ್ಲಿ ಕೌದಿಗಳೇ ಮಾಡಾಗಿ, ಅಂದರೆ ಚಾವಣಿಯಾಗಿ, ನೋಡುವವರು ಅದರ ಒಳಗೆ ಇರುವುದರಿಂದ ಪ್ರದರ್ಶನವೆಂದರೆ ಅರ್ಥ ಸೊರಗುತ್ತದೆ.

ಆದ್ದರಿಂದ ನನಗೆ ತೋಚಿದ್ದು ‘ಹಂದರ’. ಮದುವೆಯ ಮನೆಯ ಮುಂದೆ ಹಾಕುವುದು ಹಂದರ, ಬಳ್ಳಿ ಹಬ್ಬುವುದೂ ಹಂದರ. ಊರವರು ಕೂಡಿ ಹಾಕುತ್ತಾರೆ, ಕಾರ್ಯ ಮುಗಿದ ಮೇಲೆ ಬಿಚ್ಚುತ್ತಾರೆ. ವಿಮರ್ಶೆಯಲ್ಲಿ ‘ಕಥಾಹಂದರ’ ಎನ್ನುವುದು ರೂಢಿಯಾಗಿರುವುದರಿಂದ ಪದಕ್ಕೆ ಕಲೆಯ ನಂಟು ಹೊಸದೂ ಅಲ್ಲ. ನನ್ನ ಅಳುಕು ಇಷ್ಟೇ: ‘ಚಪ್ಪರ’ ಎಂದೇ ಹೇಳುವ ಮೈಸೂರು ಕಡೆಯವರಿಗೆ ‘ಕೌದಿಯ ಹಂದರ’ ಎಂದರೆ ತಲೆಯ ಮೇಲಿನ ಮಾಡು ಕಣ್ಣಿಗೆ ಕಟ್ಟುತ್ತದೆಯೋ, ಅಥವಾ ಕಥಾಹಂದರದಿಂದಾಗಿ ಬರೀ ಚೌಕಟ್ಟು ಎಂಬ ಅರ್ಥವಷ್ಟೇ ಉಳಿಯುತ್ತದೆಯೋ?

‘ಜವಳಿ’ಯನ್ನು ನಾನು ಈಗಾಗಲೇ ಹೊಡೆದುಹಾಕಿದ್ದೇನೆ. ಜವಳಿ ಎಂದರೆ ಅಂಗಡಿಯ ಹೊಸ ಬಟ್ಟೆ, ಮದುವೆಗೆ ತೆಗೆಯುವಂಥದ್ದು. ಕೌದಿಗೆ ಬರುವುದು ಉಟ್ಟು ಮೆತ್ತಗಾದ ಸೀರೆ, ಹರಿದ ಅಂಗಿ.

‘ಸಹಯೋಗ’ದ ತೊಂದರೆ ಬೇರೆ ಬಗೆಯದು. ಆಹ್ವಾನಪತ್ರಿಕೆಗಳಲ್ಲಿ ‘ಇವರ ಸಹಯೋಗದಲ್ಲಿ’ ಎಂದು ಅಚ್ಚಾಗುವುದು ಸಂಘಸಂಸ್ಥೆಗಳ ಹೆಸರಿನ ಜೊತೆ; ಆ ಸಾಲನ್ನು ಓದಿದವರು ಕೆಲಸವನ್ನು ಮಾಡಿದವರು ಕಲಾವಿದರು, ಮಹಿಳೆಯರು ಜೊತೆಗಿದ್ದರು ಎಂದಷ್ಟೇ ತಿಳಿಯುತ್ತಾರೆ. ನಡೆದದ್ದು ಹಾಗಲ್ಲ. ಸಿದ್ದಿ ಕೌದಿಯಲ್ಲಿ ಹೊಲಿಗೆ ಒಂದು ಮೂಲೆಯಿಂದ ಆರಂಭವಾಗಿ ಅಂಚನ್ನು ಸುತ್ತುತ್ತ ನಡುವಿನತ್ತ ಸಾಗುತ್ತದೆ. ಮೇಲಿನ ತೇಪೆಯನ್ನು ಕೂರಿಸುವುದೂ ಕೆಳಗಿನ ಪದರಗಳನ್ನು ಹಿಡಿದಿಡುವುದೂ ಅದೇ ಸಾಲಿನ ಹೊಲಿಗೆ. ಮೊದಲು ವಿನ್ಯಾಸ ಬರೆದು ಬೇರೆಯವರ ಕೈಯಲ್ಲಿ ಹೊಲಿಸುವ ಪದ್ಧತಿ ಇದರಲ್ಲಿ ನಡೆಯುವುದಿಲ್ಲ, ಯಾವ ತುಂಡಿನ ಪಕ್ಕ ಯಾವ ತುಂಡು ಎಂಬುದನ್ನು ಸೂಜಿ ಹಿಡಿದವಳೇ ತೀರ್ಮಾನಿಸುತ್ತಾಳೆ. ಕೊನೆಗೆ ಮೂಲೆಗಳಲ್ಲಿ ಮಡಿಸಿದ ಮುಕ್ಕೋನದ ಬಟ್ಟೆಗಳನ್ನು ಇಡುತ್ತಾರೆ. ಅವುಗಳ ಹೆಸರು ‘ಫೂಲ’, ಅಂದರೆ ಹೂವು. ಅವಿಲ್ಲದ ಕೌದಿ ಬತ್ತಲೆ ಎನ್ನುವ ಮಾತೂ ಇದೆ. ಇಷ್ಟೆಲ್ಲ ತೀರ್ಮಾನ ಮಾಡುವವಳು ‘ಕುಶಲಕರ್ಮಿ’, ಮಾಡನ್ನು ಯೋಚಿಸಿದವರು ‘ಕಲಾವಿದರು’ ಎಂಬ ವಿಂಗಡಣೆ ನನಗೆ ಸರಿಕಾಣುವುದಿಲ್ಲ.

ಬೇಸಾಯದ ‘ಮುಯ್ಯಾಳು’ ಪದವನ್ನೂ ಯೋಚಿಸಿದೆ. ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು ಎಂಬ ಆ ಲೆಕ್ಕ, ಊರು ಬಿಟ್ಟುಹೋಗುವ ಕಲಾವಿದರಿಗೆ ಅನ್ವಯಿಸದು. ಕೊನೆಗೆ ನಾಮಪದದ ಆಸೆಯನ್ನೇ ಬಿಟ್ಟು ‘ಕೂಡಿ ಹೊಲಿದದ್ದು’ ಎಂಬ ಕ್ರಿಯಾರೂಪಕ್ಕೆ ಬಂದಿದ್ದೇನೆ.

ಉಳಿದದ್ದು ಕೌದಿಯ ಹೆಸರೇ. ಕೊಂಕಣಿ ಬಳಸುವ ಈ ಮಹಿಳೆಯರ ಬಾಯಲ್ಲಿ ಅದು ‘ಕವಂದಿ’. ಧಾರವಾಡ, ಬೆಳಗಾವಿ ಕಡೆಯವರಿಗೆ ‘ಕೌದಿ’. ‘ಕಂತೆಗೆ ತಕ್ಕ ಬೊಂತೆ’ ಎಂಬ ಗಾದೆಯಲ್ಲಿ ಉಳಿದುಕೊಂಡಿರುವ ‘ಬೊಂತೆ’ಯೂ ತೇಪೆಯ ಹೊದಿಕೆಯೇ, ಆದರೆ ಈಗ ಗಾದೆಯ ಹೊರಗೆ ಅದನ್ನು ಕೇಳುವುದು ಅಪರೂಪ. ಹೊಲಿದವರ ಪದವನ್ನು ಮೊದಲು ಇಟ್ಟು, ಓದುವವರ ಪದವನ್ನು ಅದರ ಬೆನ್ನಿಗೆ ತಂದಿದ್ದೇನೆ.

ಈಗಿನ ಕರಡು ಹೀಗಿದೆ: ‘ಕವಂದಿಯ ಹಂದರ. ಹಳಿಯಾಳದ ಸಿದ್ದಿ ಮಹಿಳೆಯರೂ ಇಬ್ಬರು ಕಲಾವಿದರೂ ಹಳೆಯ ಬಟ್ಟೆಗಳಿಂದ ಕೂಡಿ ಹೊಲಿದು ಕಟ್ಟಿದ ಕೌದಿಗಳ ಮಾಡು.’ ಇದರಲ್ಲಿ ‘ಇಬ್ಬರು ಕಲಾವಿದರೂ’ ಎಂಬುದು ಹಳೆಯ ವಿಂಗಡಣೆಯನ್ನೇ ಮತ್ತೆ ಒಳತರುತ್ತಿದೆಯೆಂದು ನನಗೆ ಈಗ ಅನ್ನಿಸುತ್ತಿದೆ. ಇಬ್ಬರ ಊರಿನ ಹೆಸರು ಹೇಳಿದರೆ ಸಾಕೇ, ಅಥವಾ ಎಲ್ಲರಿಗೂ ಸಲ್ಲುವ ಬೇರೆ ಪದ ನಿಮ್ಮ ಕಡೆ ಬಳಕೆಯಲ್ಲಿದೆಯೇ? ತಿಳಿದವರು ಬರೆಯಬೇಕೆಂದು ಕೋರುತ್ತೇನೆ.