ಸಹಾಯ ಬೇಕು: ಲಿಸ್ಬನ್‌ನಲ್ಲಿ ಹಾಸ್ಟೆಲ್‌ನಲ್ಲಿ ಉಳಿದವರು ಯಾರಾದ್ರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್‌ನಲ್ಲಿ ನಾನು, ನನ್ನ ತಂಗಿ ಪೋರ್ಚುಗಲ್‌ನ ಲಿಸ್ಬನ್‌ಗೆ ಹೋಗಬೇಕು ಅಂದುಕೊಂಡಿದ್ದೇವೆ. ಷೆಂಗೆನ್ ವೀಸಾ ಅರ್ಜಿಗೆ ಉಳಿಯುವ ಜಾಗದ ಬುಕಿಂಗ್ ತೋರಿಸಬೇಕಲ್ಲ, ಹಾಗಾಗಿ ಈಗಲೇ ಅವಸರ. ಹೋಟೆಲ್ ರೂಮು ನಮ್ಮ ಬಜೆಟ್‌ಗೆ ಹೊಂದುವುದಿಲ್ಲ, ಅದಕ್ಕೇ ಪ್ರವಾಸಿಗರು ಕೋಣೆ ಹಂಚಿಕೊಂಡು ಉಳಿಯುವ ಹಾಸ್ಟೆಲ್ ನೋಡ್ತಿದ್ದೇವೆ. ಜೊತೆಗೆ, ಸಂಜೆ ನಾಲ್ಕು ಜನರ ಜೊತೆ ಕೂತು ಹರಟುವಂಥ ಜಾಗವೇ ಬೇಕು ಅಂತ ತಂಗಿಯ ಹಟ.

ಸದ್ಯ ಕಣ್ಣು ಬಿದ್ದಿರುವುದು ರೊಸ್ಸಿಯೊ ರೈಲು ನಿಲ್ದಾಣದ ಕಟ್ಟಡದೊಳಗೇ ಇರುವ ಡೆಸ್ಟಿನೇಷನ್ ಹಾಸ್ಟೆಲ್ ಮೇಲೆ. ಕುದುರೆ ಲಾಳದ ಆಕಾರದ ಆ ಬಾಗಿಲುಗಳನ್ನು ಫೋಟೊದಲ್ಲಿ ನೋಡಿಯೇ ಮರುಳಾಗಿದ್ದೇವೆ. ಅರಮನೆಗಳ ಊರು ಸಿಂತ್ರಾಕ್ಕೆ ಹೋಗುವ ರೈಲು ಅಲ್ಲಿಂದಲೇ ಹೊರಡುತ್ತದೆ, ಅದೂ ಅನುಕೂಲ. ಅದಿರುವ ಬೈಶಾ ಬಡಾವಣೆ ಸಮತಟ್ಟು. ಗುಡ್ಡದ ಮೇಲಿನ ಹಳೆಯ ಬಡಾವಣೆ ಅಲ್ಫಾಮಾ ಚೆಂದವೇ, ಆದರೆ ಆ ಮೆಟ್ಟಿಲುಗಳಲ್ಲಿ ಸೂಟ್‌ಕೇಸ್ ಎಳೆಯೋರು ಯಾರು?

ಗೊತ್ತಿದ್ದವರು ಹೇಳಿ: ರೊಸ್ಸಿಯೊ ಸುತ್ತಮುತ್ತ ರಾತ್ರಿ ನಿದ್ದೆ ಬರುತ್ತಾ? ಬೈರು ಆಲ್ತು ಬಡಾವಣೆಯಲ್ಲಿ ಬಾರ್‌ಗಳ ಗದ್ದಲ ಜಾಸ್ತಿ ಅಂತ ಅದನ್ನು ಆಗಲೇ ಬಿಟ್ಟಿದ್ದೇವೆ. ಹೆಂಗಸರದ್ದೇ ಡಾರ್ಮ್‌ಗೆ (ಹಂಚಿಕೊಳ್ಳುವ ಕೋಣೆಗೆ) ಸ್ವಲ್ಪ ಜಾಸ್ತಿ ಕೊಡುವುದು ಒಳ್ಳೆಯದಾ? ಲಾಕರ್‌ಗೆ ಬೀಗ ಇಲ್ಲಿಂದಲೇ ಒಯ್ಯಬೇಕಾ? ತಲಾ ಒಂದು ರಾತ್ರಿಗೆ 4 ಯೂರೊ ನಗರ ತೆರಿಗೆಯನ್ನು ಕ್ಯಾಷ್‌ನಲ್ಲೇ ಕೇಳುತ್ತಾರಾ?

ಇನ್ನು ಊಟ. ನಾವು ಸಸ್ಯಾಹಾರಿಗಳು, ಅಲ್ಲಿ ಎಲ್ಲೆಲ್ಲೂ ಒಣಗಿಸಿದ ಕಾಡ್ ಮೀನು. ಹಾಸ್ಟೆಲ್‌ನ ಅಡುಗೆಮನೆಯಲ್ಲಿ ಅನ್ನ ಸಾರು ಮಾಡಿಕೊಳ್ಳಬಹುದು ಅಂದುಕೊಂಡಿದ್ದೇವೆ. ಒಗ್ಗರಣೆ ಹಾಕಿದರೆ ಹೊಗೆ ಅಲಾರಂ ಕೂಗುತ್ತಾ? ತಮಾಷೆಯಲ್ಲ, ನಿಜವಾಗಲೂ ಕೇಳ್ತಿದ್ದೇನೆ.

ಬೇರೆ ಹಾಸ್ಟೆಲ್ ಇಷ್ಟವಾಗಿದ್ದರೆ ಹೆಸರು ಹೇಳಿ. ಸುಮ್ನೆ ರೇಟಿಂಗ್ ಬೇಡ, ನೀವೇ ಉಳಿದಿದ್ದರೆ ಮಾತ್ರ. ಈ ವಾರದೊಳಗೆ ಬುಕ್ ಮಾಡಬೇಕು.